ಕೌನ್ಸೆಲಿಂಗ್ ರೂಮಲ್ಲಿ ನಮ್ಮ ರಾಗಿ

ನಾನು ಜಯನಗರದ ಕಡೆ ಪಿಯು ಮಕ್ಕಳಿಗೆ ಕೌನ್ಸೆಲಿಂಗ್ ಮಾಡ್ತೀನಿ, ಜೊತೆಗೆ ನಮ್ಮನೆ ನಾಯಿ ರಾಗಿನೂ ಬರ್ತಾಳೆ, ಲ್ಯಾಬ್ರಡಾರ್ ಗೀಬ್ರಡಾರ್ ಏನಲ್ಲ, ನಮ್ ಬೀದೀಲೇ ಹುಟ್ಟಿದ ಇಂಡಿ. ನಾಯಿ ಸವರಿದ್ರೆ ಡಿಪ್ರೆಶನ್ ಹೋಗುತ್ತಾ ಅಂತ ಕೇಳ್ತಾರೆ. ಹೋಗಲ್ಲ ರೀ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವ್ರು 2019ರಲ್ಲಿ ಹಾಕಿದ ಸ್ಟಡೀಲಿ 10 ನಿಮಿಷ ನಾಯಿ ಬೆಕ್ಕು ಸವರಿದ ಸ್ಟೂಡೆಂಟ್ಸ್ ಎಂಜಲಲ್ಲಿ ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಕಮ್ಮಿ ಆಗಿದ್ದು ನಿಜ, ಆದ್ರೆ ಅದು ಆ ಹೊತ್ತಿನ ಟೆನ್ಷನ್ ಇಳಿಯೋ ಮಾತು ಅಷ್ಟೇ.

ಭಯ ಇದ್ಯಾ, ಅಲರ್ಜಿ ಇದ್ಯಾ ಅಂತ ಮೊದ್ಲೇ ಕೇಳ್ಕೋತೀನಿ, ಅಪ್ಪ ಅಮ್ಮನ ಒಪ್ಪಿಗೆನೂ ಬೇಕು. ರಾಗಿಗೆ ರೇಬಿಸ್ ಇಂಜೆಕ್ಷನ್, ಜಂತುಹುಳದ ಮಾತ್ರೆ ತಪ್ಪಿಸಲ್ಲ. ಎದುರುಬದುರು ಕುರ್ಚಿ ಹಾಕಲ್ಲ, ಚಾಪೆ ಮೇಲೆ ಪಕ್ಕಪಕ್ಕ ಕೂರ್ತೀವಿ, ಇಬ್ರ ಕಣ್ಣೂ ನಾಯಿ ಮೇಲೆ ಇರೋದ್ರಿಂದ ಮುಖ ನೋಡ್ಕೊಂಡು ಹೇಳೋಕಾಗದ ಮಾತು ಹಂಗೇ ಬಂದ್ಬಿಡುತ್ತೆ.

ಆದ್ರೆ ನನ್ ಪ್ರಕಾರ ನಿಜವಾಗ್ಲೂ ಕೆಲ್ಸ ಮಾಡೋದು ಇನ್ನೊಂದು ವಿಷ್ಯ. ನಿದ್ದೆ ಇಲ್ದೇನೂ ಆಕಳಿಸೋದು, ಸುಮ್‌ಸುಮ್ನೆ ತುಟಿ ನೆಕ್ಕೋದು, ಮುಖ ಆ ಕಡೆ ತಿರುಗ್ಸೋದು, ಇವೆಲ್ಲ ನಾಯಿಗೆ ಸಾಕಾಯ್ತು ಅನ್ನೋ ಸೂಚನೆ, ಅದನ್ನ ಮಕ್ಕಳಿಗೆ ಫಸ್ಟ್ ಹೇಳ್ಕೊಡ್ತೀನಿ. ಬಾಗಿಲು ತೆಗ್ದೇ ಇರುತ್ತೆ, ಬೇಡ ಅನ್ಸಿದ್ರೆ ರಾಗಿ ಎದ್ದು ಹೋಗ್ತಾಳೆ, ಯಾರೂ ಕರೆಯಂಗಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ನೀಟ್ ಕೋಚಿಂಗಿಗೆ ಓಡೋ ಒಬ್ಬ ಹುಡುಗ ಇದನ್ನ ನೋಡ್ತಾ ನೋಡ್ತಾ 'ಮೇಡಂ, ಅವ್ಳು ಹೋದ್ರೆ ಯಾರೂ ಬೈಯಲ್ವಲ್ಲ' ಅಂದ. ಆಮೇಲೆ ನಾವು ಮಾತಾಡಿದ್ದೆಲ್ಲ ಬರೀ ಅದೇ, ಬೇಡ ಅಂತ ಅಪ್ಪಂಗೆ ಹೆಂಗೆ ಹೇಳೋದು, ಯಾವಾಗ ಹೇಳೋದು, ಅಮ್ಮನ್ನ ಪಕ್ಕದಲ್ಲಿ ಇಟ್ಕೊಂಡಾ ಇಲ್ದೇನಾ ಅಂತ.

ನಾಯಿ ಕಂಡ್ರೆ ಆಗದೇ ಇರೋರನ್ನ ಲಾಲ್‌ಬಾಗ್ ಬಂಡೆಗೆ ಕರ್ಕೊಂಡು ಹೋಗ್ತೀನಿ. ಫೋನ್ ಬ್ಯಾಗಲ್ಲಿ. ಹದ್ದು ಎಷ್ಟು, ಗಿಳಿ ಎಷ್ಟು ಎಣಿಸೋದು ಅಷ್ಟೇ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಅಂದ್ರೆ 'ಅಯ್ಯೋ ಇದಕ್ಕೆ ಸಿಇಟಿ ಇರ್ಲಿಲ್ಲ ಬಿಡಿ' ಅಂತಾರೆ, ಹಂಗೆ ಜೋಕ್ ಹೊಡೆದ್ರೆ ನಂಗೆ ಖುಷಿ.

ಸಾಯ್ಬೇಕು ಅನ್ನೋ ಮಾತು ಬಂತೋ, ನಾಯಿನೂ ಇಲ್ಲ ಪಾರ್ಕೂ ಇಲ್ಲ, ಸೀದಾ ನಿಮ್ಹಾನ್ಸ್ ಇಲ್ಲಾ ಬೇರೆ ಸೈಕಿಯಾಟ್ರಿಸ್ಟ್ ಹತ್ರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಅದನ್ನ ಎಲ್ಲಾ ಮಕ್ಕಳ ಫೋನಲ್ಲೂ ಸೇವ್ ಮಾಡಿಸಿರ್ತೀನಿ.

ಎಕ್ಸಾಂ ಟೈಮಲ್ಲಿ ಪೇರೆಂಟ್ಸ್ ಇನ್ನೊಂದು ಸ್ಲಾಟ್ ಕೊಡಿ ಅಂತ ಫೋನ್ ಮೇಲೆ ಫೋನ್. ರಾಗಿಗೆ ದಿನಕ್ಕೆ ಇಬ್ರೇ. ನಾನು ಬೇಕಾದ್ರೆ ಸಿಗ್ತೀನಿ, ಅವ್ಳು ಸಿಗಲ್ಲ.