ಭೂಮಣ್ಣಿ ಬುಟ್ಟಿ, ಅಡಿಕೆ ಹಾಳೆ ಮತ್ತು ನಮ್ಮ ಅಂಗನವಾಡಿ: ನನ್ನ ಅನುಭವ

"ಹಬ್ಬ ಮನೇಲೇ ಮಾಡ್ತೀವಿ ಟೀಚರ್, ನೀವು ಎಬಿಸಿಡಿ ಕಲಿಸಿ." ಭೂಮಿ ಹುಣ್ಣಿಮೆಯ ಚಿತ್ತಾರವನ್ನು ಅಂಗನವಾಡಿಯಲ್ಲಿ ಮಕ್ಕಳ ಕೈಯಲ್ಲೇ ಬರೆಸುತ್ತೇನೆ ಎಂದಾಗ ಮೊದಲ ವರ್ಷ ತಾಯಂದಿರು ಹೀಗೇ ಹೇಳಿದ್ದರು. ಈಗ ಮೂರನೇ ಭೂಮಿ ಹುಣ್ಣಿಮೆ ಮುಗಿದಿದೆ. ಅದೇ ತಾಯಂದಿರು ಮಕ್ಕಳ ಚಿತ್ತಾರವನ್ನು ಮನೆಯ ಜಗಲಿಯಲ್ಲಿ ತೂಗುಹಾಕಿದ್ದಾರೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಭೂಮಿ ಹುಣ್ಣಿಮೆ ಎಂದರೆ ಭತ್ತ ಹೊಡೆಯಾಗುವ, ಅಂದರೆ ತೆನೆ ಕಟ್ಟುವ ಹೊತ್ತು, ಬಸುರಿ ಭೂಮಿಗೆ ಬಯಕೆ ಊಟ. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಆ ಊಟವನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಾರೆ, ಮುಟ್ಟಿದರೆ ಬೈಸಿಕೊಳ್ಳುತ್ತಾರೆ. ಮುಟ್ಟಲು ಬಿಟ್ಟರೆ ಏನಾಗುತ್ತದೆ ಎಂದು ನೋಡಬೇಕಿತ್ತು ನನಗೆ.

ಮೊದಲ ಸಲ ಪೂರ್ತಿ ಸೋತೆ. ಸಂತೆಯಲ್ಲಿ ಆರು ಬಿದಿರು ಬುಟ್ಟಿ ತಂದೆ. ಹೆಚ್ಚುಕಮ್ಮಿ 1,100 ರೂಪಾಯಿ, ಎಲ್ಲ ಕೈಯಿಂದ. ಸಗಣಿ ಬೇಡ ಎಂದು ನೇರ ಕೆಮ್ಮಣ್ಣು ಬಳಿದೆ. ಬೆಳಿಗ್ಗೆ ನೋಡಿದರೆ ಅರ್ಧ ನೆಲದ ಮೇಲೆ ಉದುರಿತ್ತು. ಬಿಳಿ ಬಣ್ಣಕ್ಕೆಂದು ಹಿಂದಿನ ದಿನ ಅರೆದಿಟ್ಟ ಅಕ್ಕಿ ಹಿಟ್ಟು ಹುಳಿ ಬಂದು ಇರುವೆ ಮುತ್ತಿತ್ತು. ಪುಂಡಿ ನಾರಿನ ಕುಂಚ ಮೂರು ವರ್ಷದ ಬೆರಳಿಗೆ ನಿಲ್ಲಲೇ ಇಲ್ಲ. ಒಬ್ಬ ಅದರಲ್ಲಿ ನೆಲ ಗುಡಿಸಿದ.

ಕೇರಿಯ ಅಜ್ಜಿಯೊಬ್ಬರ ಹತ್ತಿರ ಹೋದೆ. "ಸಗಣಿ ಬಳೀದೆ ಮಣ್ಣು ನಿಲ್ತದಾ ಮಗಾ?" ಎಂದರು. ಎರಡನೇ ವರ್ಷ ಅವರೇ ಬಂದು ಕೂತರು. ಬುಟ್ಟಿ ಬಿಟ್ಟು ತೋಟದಲ್ಲಿ ಬಿದ್ದ ಅಡಿಕೆ ಹಾಳೆ ತಂದೆವು, ದುಡ್ಡಿಲ್ಲ. ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಬೇಕು. ಹೊರಮೈಗೇ ಬಳಿಯಿರಿ, ಒಳಮೈ ನುಣುಪು. ಕುಂಚದ ಬದಲು ಬೆರಳು. ಮಣ್ಣಿಗೆ ನಾನು ಇನ್ನೊಂದು ಬೆರೆಸುತ್ತೇನೆ. ಅದು ಅಜ್ಜಿ ನನಗೆ ಮಾತ್ರ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ. ಈ ವರ್ಷದ 17 ಹಾಳೆಯಲ್ಲಿ ಒಂದೂ ಉದುರಿಲ್ಲ. ಒಟ್ಟು ಖರ್ಚು ಸುಮಾರು 90 ರೂಪಾಯಿ.

ಬಣ್ಣದ ಹುಚ್ಚು ಹತ್ತಿದ್ದು ಆಗಲೇ. ಅಕ್ಕಿಯನ್ನು ಕರಕಲಾಗುವಷ್ಟು ಹುರಿದು ಅರೆದರೆ ಒಳ್ಳೆ ಕಪ್ಪು. ಹಳದಿಗೆ ಗುರಿಗೆ ಕಾಯಿ ಸಿಗಲಿಲ್ಲ, ಅರಿಶಿನ ಕಲಸಿದೆ. ಒಂದು ಹುಡುಗಿ ಸುಣ್ಣದ ಗೋಡೆ ಸವರಿದ ಕೈಯನ್ನೇ ಅದರಲ್ಲಿ ಅದ್ದಿದಳು. ಹಳದಿ ಕೆಂಪಾಯಿತು! ಆ ದಿನ ಮತ್ತೇನೂ ನಡೆಯಲಿಲ್ಲ. ಎಲ್ಲರಿಗೂ ಕೆಂಪು ಮಾಡಬೇಕು. ನಾನೂ ತಡೆಯಲಿಲ್ಲ. ಸುಣ್ಣ ಕಣ್ಣಿಗೆ ತಾಗದ ಹಾಗೆ ನಾನೇ ಚಿಟಿಕೆ ಚಿಟಿಕೆ ಹಾಕಿ ಕೊಟ್ಟೆ.

ಹಚ್ಚಂಬಲಿಗೆ, ಅಂದರೆ ಗದ್ದೆಗೆ ಬೀರುವ ಸೊಪ್ಪಿನ ಅಂಬಲಿಗೆ, ಮನೆಯಿಂದ ಒಂದೊಂದು ಸೊಪ್ಪು ತರಲು ಹೇಳಿದ್ದೆ. ಬಸಳೆ, ಹರಿವೆ, ಒಂದೆಲಗ, ಕೆಸ. ಉದ್ದದ್ದು, ದುಂಡನೆಯದು, ನುಣುಪು, ಒರಟು ಎಂದು ಗುಂಪು ಮಾಡುವ ಆಟ. ಕೆಸದ್ದು ನನ್ನದೇ ತಪ್ಪು. ಹಸಿ ದಂಟು ಹಿಡಿದ ಹುಡುಗನಿಗೆ ಕೈಯೆಲ್ಲ ತುರಿಕೆ. ತೆಂಗಿನೆಣ್ಣೆ ಹಚ್ಚಿದೆ, ಅವನ ತಾಯಿ ಎರಡು ದಿನ ಕಳಿಸಲಿಲ್ಲ. ಈಗ ಕೆಸವನ್ನು ನಾನೇ ಎತ್ತಿ ತೋರಿಸುತ್ತೇನೆ.

"ಹಬ್ಬ ಆಟದ ಸಾಮಾನಾ?" ಎಂದು ಒಬ್ಬ ಹಿರಿಯರು ಸಿಟ್ಟಾದರು. ಅವರ ಮಾತು ಸರಿಯೇ ಅನಿಸಿತು. ಅದಕ್ಕೇ ಹಬ್ಬದ ಮಾರನೇ ದಿನ ಮಾಡುತ್ತೇವೆ, ಪೂಜೆ ಇಲ್ಲ. ಹಾಗಾಗಿ ಹಬ್ಬ ಇಲ್ಲದ ಮನೆಯ ಮಕ್ಕಳೂ ಕೂರುತ್ತಾರೆ. ಹಿತ್ತಲ ಪಾತಿಗೆ ಅಂಬಲಿ ಬೀರಿ, ಕಾಗೆಗೆ, ಇಲಿಗೆ ಎಡೆ ಇಡುತ್ತಾರೆ.

ಜೂನ್‌ನಿಂದ ತುಟಿ ಬಿಚ್ಚದ ಒಬ್ಬಳಿದ್ದಳು. ಎಡೆ ಇಟ್ಟು ಕೂತವಳು ಜೋರಾಗಿ ಕೇಳಿದಳು: "ಟೀಚರ್, ಇಲಿ ಯಾವಾಗ ಬರ್ತದೆ?"