ಚೆಕ್ ಭಾಷೆ: ಕ್ಲಾಸಿನಲ್ಲಿ ಬರಲಿಲ್ಲ, ಕ್ಯಾಲೆಂಡರಿನಲ್ಲಿ ಬಂತು

"ಇನ್ನು ಕ್ಲಾಸಿಗೆ ದುಡ್ಡು ಕಟ್ಟಲ್ಲ, ಇಲ್ಲಿಯ ಹಬ್ಬ ಹಿಡಿದುಕೊಂಡೇ ಚೆಕ್ ಕಲೀತೀನಿ" ಅಂತ ಚೆಕ್ ದೇಶದ ಬ್ರನೋ ಊರಿನ ನಮ್ಮ ಕನ್ನಡದವರ ಗುಂಪಿನಲ್ಲಿ ನಾನು ಹೇಳಿದಾಗ ಎಲ್ಲರೂ ನಕ್ಕಿದ್ದರು. "ಹಬ್ಬ ಮಾಡಿ, ಊಟ ಮಾಡಿ, ಭಾಷೆ ಯಾವಾಗಾದ್ರೂ ಬರತ್ತೆ ಬಿಡಿ" ಅಂದವರೂ ಇದ್ದರು. ಈಗ ಇಲ್ಲಿ ಕಾಯಂ ಆಗಿ ನೆಲೆಸಲು ಸಿಗುವ ಪರವಾನಗಿ, ಅಂದರೆ ಪಿಆರ್‌ಗೆ ಬೇಕಾದ ಎ2 ಹಂತದ ಭಾಷಾ ಪರೀಕ್ಷೆ ಮೊದಲ ಸಲಕ್ಕೇ ಪಾಸಾಗಿದೆ. ನಕ್ಕವರಲ್ಲೇ ಇಬ್ಬರು ಮೊನ್ನೆ ಫೋನ್ ಮಾಡಿ "ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ" ಅಂದರು. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ. ವಿಭಕ್ತಿ ಎಷ್ಟು, ಆ್ಯಪ್ ಯಾವುದು, ಪುಸ್ತಕ ಯಾವುದು ಎಲ್ಲ ನಿಮಗೆ ಗೊತ್ತಿರುವುದೇ. ಆ ಕಡೆ ಹೋಗುವುದಿಲ್ಲ.

ಮೊದಲು ದುಡ್ಡಿನ ವಿಷಯ. ಸಂಜೆ ಕ್ಲಾಸಿಗೆ ಎರಡು ಟರ್ಮ್ ಹೋದೆ. ಒಂದೊಂದಕ್ಕೆ 7-8 ಸಾವಿರ ಕೊರುನ (ಇಲ್ಲಿನ ದುಡ್ಡು). ಕ್ಲಾಸಿನಲ್ಲಿ ಮುಕ್ಕಾಲು ಪಾಲು ಉಕ್ರೇನಿನವರು. ಅವರದೂ ಚೆಕ್‌ಗೆ ಹತ್ತಿರದ ಭಾಷೆ, ಅವರಿಗೆ ಅರ್ಧ ಭಾಷೆ ಹುಟ್ಟಿದಾಗಲೇ ಬಂದಿರುತ್ತದೆ. ಟೀಚರ್ ಒಂದು ವಾಕ್ಯ ಹೇಳಿದರೆ ಅವರು ಮುಂದಿನ ವಾಕ್ಯ ಹೇಳುತ್ತಾರೆ. ನಾನು, ಒಬ್ಬ ವಿಯೆಟ್ನಾಮಿನ ಹುಡುಗ, ಇಬ್ಬರೇ ಹಿಂದಿನ ಬೆಂಚು. ಮೂರನೇ ವಾರಕ್ಕೆ ಅವರ ಸ್ಪೀಡೇ ಕ್ಲಾಸಿನ ಸ್ಪೀಡ್ ಆಯಿತು. ಆಮೇಲೆ ಗಂಟೆಗೆ 500 ಕೊರುನ ಕೊಟ್ಟು ಮನೆ ಪಾಠ ಇಟ್ಟುಕೊಂಡೆ. ಅದರಲ್ಲಿ ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿಭಕ್ತಿಯ ವಿವರಣೆ. ಎಲ್ಲ ಸೇರಿ 35 ಸಾವಿರದ ಹತ್ತಿರ ಹೋಯಿತು, ನಮ್ಮ ರೂಪಾಯಿಯಲ್ಲಿ ಲಕ್ಷದ ಮೇಲೆ. ಅಷ್ಟಾದರೂ ಔಷಧಿ ಅಂಗಡಿಯಲ್ಲಿ ಬಾಯಿ ತೆಗೆದರೆ ಇಂಗ್ಲಿಷೇ ಬರುತ್ತಿತ್ತು. ಅದರ ಮೇಲೆ 2021ರ ಸೆಪ್ಟೆಂಬರಿನಿಂದ ಪಿಆರ್ ಪರೀಕ್ಷೆಯನ್ನು ಎ1ರಿಂದ ಎ2ಕ್ಕೆ ಏರಿಸಿದ್ದಾರೆ. ಮೊದಲೇ ಬಂದವರು ಪುಣ್ಯವಂತರು.

ನನ್ನ ಲೆಕ್ಕ ಸರಳ. ಇಲ್ಲಿ ಪ್ರತಿ ವಾರಕ್ಕೂ ಒಂದು ಮಾತು ಇರುತ್ತದೆ. ಆ ವಾರ ಊರೆಲ್ಲ ಅದೇ ಮಾತಾಡುತ್ತದೆ: ಅಂಗಡಿ, ಆಫೀಸು, ಲಿಫ್ಟು, ರೇಡಿಯೊ ಎಲ್ಲ ಕಡೆ. ಆ ವಾರದಲ್ಲಿ ಆ ಪದಗಳನ್ನು ಮಾತ್ರ ಹಿಡಿಯುವುದು, ಜೊತೆಗೆ ವ್ಯಾಕರಣದ ಒಂದೇ ಒಂದು ತುಣುಕು. ಬೇರೆ ಏನೂ ಓದುವುದಿಲ್ಲ. ಕೇಳಿ ಕೇಳಿ ಕಿವಿಗೆ ಬೀಳುತ್ತದೆ, ಮುಂದಿನ ವರ್ಷ ಅದೇ ವಾರ ಮತ್ತೆ ಬರುತ್ತದೆ.

ಶುರು ಮಾಡಿದ್ದು ಸ್ವಾತೆಕ್‌ನಿಂದ, ಅಂದರೆ ಹೆಸರಿನ ದಿನ. ಇಲ್ಲಿನ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಪ್ರತಿ ದಿನಕ್ಕೂ ಒಂದು ಹೆಸರು ಅಂಟಿರುತ್ತದೆ. ಮಾರ್ಚ್ 19 ಯೋಸೆಫ್, ಜುಲೈ 26 ಅನ್ನ, ನವೆಂಬರ್ 11 ಮಾರ್ತಿನ್. ಬೆಳಿಗ್ಗೆ ರೇಡಿಯೊದಲ್ಲೂ ಹೇಳುತ್ತಾರೆ. ಆಫೀಸಿನಲ್ಲಿ ಆ ಹೆಸರಿನವರು ಇದ್ದರೆ ಹೋಗಿ ಶುಭಾಶಯ ಹೇಳಬೇಕು, ಒಂದು ಸಣ್ಣ ಚಾಕಲೇಟ್ ಕೊಡಬೇಕು. ಅಷ್ಟೇ. ಆದರೆ ಕರೆಯುವಾಗ ಸಂಬೋಧನೆ ಬೇಕಲ್ಲ! ಪಾವೆಲ್ ಹೋಗಿ ಪಾವ್ಲೆ, ತೊಮಾಶ್ ಹೋಗಿ ತೊಮಾಶಿ, ಮಾರೆಕ್ ಹೋಗಿ ಮಾರ್ಕು, ಯಾನ ಹೋಗಿ ಯಾನೊ. ಚೆಕ್ಕರು ವಿಭಕ್ತಿಗಳನ್ನು ನಮ್ಮ ಹಾಗೇ ಒಂದನೆಯದು, ಎರಡನೆಯದು ಎಂದು ಎಣಿಸುತ್ತಾರೆ, ಸಂಬೋಧನೆ ಐದನೆಯದು. ಕ್ಲಾಸಿನಲ್ಲಿ ಇದನ್ನು ಒಂದೇ ಗಂಟೆಯಲ್ಲಿ ಮುಗಿಸಿದ್ದರು. ನಾನು ಒಂದು ವರ್ಷ ಎಳೆದೆ, ಮೂವತ್ತು-ನಲವತ್ತು ಹೆಸರು ನಾಲಿಗೆಯ ಮೇಲೆ ಕೂತವು. ಚಾಕಲೇಟಿಗೆ ವರ್ಷಕ್ಕೆ ಸಾವಿರ, ಸಾವಿರದಿನ್ನೂರು ಕೊರುನ ಆಗಿರಬಹುದು. ನಮ್ಮ ಟೀಮಿನಲ್ಲಿ ಸ್ಲೊವಾಕರು ಜಾಸ್ತಿ. ಅವರ ಭಾಷೆಯಲ್ಲಿ ಈ ಸಂಬೋಧನೆ ಹೆಚ್ಚುಕಡಿಮೆ ಹೋಗೇಬಿಟ್ಟಿದೆ. ಹಾಗಾಗಿ ಪೆತ್ರ್ ಅನ್ನುವವರನ್ನು "ಪೆತ್ರ್ಝೆ" ಎಂದು ಸರಿಯಾಗಿ ಕರೆಯುವ ಹೊರಗಿನವನು ಆ ಮಹಡಿಯಲ್ಲಿ ನಾನೊಬ್ಬನೇ. ಆ ರ್ಝ ಅಕ್ಷರಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದರೆ ಕಾಫಿ ಜೊತೆ ಹೇಳಿಕೊಡುತ್ತೇನೆ.

ಸಂತೆಯ ವಿಷಯಕ್ಕೆ ಬರೋಣ. ಬ್ರನೋದ ಜ಼ೆಲ್ನೀ ತ್ರಹ್ ತರಕಾರಿ ಮಾರ್ಕೆಟ್ ನನಗೆ ಎರಡನೇ ವಿಭಕ್ತಿಯ ಸ್ಕೂಲು (ಚೆಕ್‌ನ ಎರಡನೆಯದು ನಮ್ಮ ಷಷ್ಠಿಯ ಹಾಗೆ). ಕಿಲೋ, ಅರ್ಧ ಕಿಲೋ ಅಂದ ಕೂಡಲೇ ಮುಂದಿನ ಪದ ತಿರುಗುತ್ತದೆ. ಎರಡು ಸೇಬು ಅಂದರೆ "ದ್ವ್ಯೆ ಯಬಲ್ಕ", ಐದಾದರೆ "ಪ್ಯೆತ್ ಯಬ್ಲೆಕ್". ನಾನು ಬೇಕಂತಲೇ ಯಾವಾಗಲೂ ಐದರ ಮೇಲೆ ಕೇಳುತ್ತಿದ್ದೆ. ಮನೆಯಲ್ಲಿ ಸೇಬು ಕೊಳೆತದ್ದು ನಿಜ. ಇಲ್ಲಿ ತೂಕಕ್ಕೆ ದೆಕ ಅನ್ನುತ್ತಾರೆ, ಒಂದು ದೆಕ ಅಂದರೆ 10 ಗ್ರಾಂ. ಚೀಸ್ ಕೌಂಟರಿನಲ್ಲಿ ನೂರು ಗ್ರಾಂ ಅಂದರೆ ಹೊರಗಿನವರು ಅಂತ ಗೊತ್ತಾಗಿ ಇಂಗ್ಲಿಷಿಗೆ ಇಳಿಯುತ್ತಾರೆ. "ದೆಸೆತ್ ದೆಕ" ಅಂದು ನೋಡಿ, ಅವರ ಬಾಯಿಂದ ಚೆಕ್ಕೇ ಬರುತ್ತದೆ.

ಅಣಬೆ ಕಾಲ ಈ ದೇಶದಲ್ಲಿ ಒಂದು ಹುಚ್ಚು. ಆಗಸ್ಟ್ ಕೊನೆಗೆ ಮಳೆ ಬಿದ್ದರೆ ಸಾಕು, ಲಿಫ್ಟಿನಲ್ಲಿ ಕೇಳುವ ಪ್ರಶ್ನೆ ಒಂದೇ: "ರೊಸ್ತೊಉ?" ಬೆಳೀತಿವೆಯಾ ಅಂತ. ಏನು ಬೆಳೀತಿವೆ ಅಂತ ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. 1995ರ ಅರಣ್ಯ ಕಾಯ್ದೆ ಪ್ರಕಾರ ಕಾಡಿನಲ್ಲಿ ಮನೆ ಖರ್ಚಿಗೆ ಯಾರು ಬೇಕಾದರೂ ಅಣಬೆ ಕೀಳಬಹುದು. ಕೆಳಗಿನ ಮನೆಯ ಅಜ್ಜಿ ಜೊತೆ ಬೀಲೊವಿತ್ಸೆ ಕಡೆಯ ಕಾಡಿಗೆ ಹೋಗತೊಡಗಿದೆ. ಜಾಗ ಎಲ್ಲಿ ಅಂತ ಕೇಳಬೇಡಿ, ಅಜ್ಜಿಗೆ ಮಾತು ಕೊಟ್ಟಿದ್ದೇನೆ. ಗೊತ್ತಿಲ್ಲದ ಅಣಬೆಯನ್ನು ಬಲ್ಲವರಿಗೆ ತೋರಿಸದೆ ಬಾಯಿಗೆ ಇಡಬೇಡಿ, ಇದು ಭಾಷೆಗಿಂತ ಮುಖ್ಯ.

ಅಡುಗೆಮನೆ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಅಣಬೆ ಸುರಿಯುತ್ತಾರೆ. ಸಣ್ಣ ಚಾಕುವಿನಿಂದ ಕಾಂಡದ ಮಣ್ಣು ಕೆರೆಯಬೇಕು, ಹುಳ ಬಿದ್ದಿದೆಯಾ ಅಂತ ಅರ್ಧ ಸೀಳಿ ನೋಡಬೇಕು. ಒಂದೊಂದನ್ನೂ ಎತ್ತಿ ಅಜ್ಜಿ ಎಲ್ಲಿ ಸಿಕ್ಕಿತು, ಯಾವ ಮರದ ಬುಡ, ಯಾರು ಮೊದಲು ನೋಡಿದ್ದು ಅಂತ ಹೇಳುತ್ತಾರೆ. ಎರಡು ಗಂಟೆ ಬರೀ ಭೂತಕಾಲ! ಒಂದು ಎಚ್ಚರಿಕೆ. ಕನ್ನಡದಲ್ಲಿ "ನನಗೆ ಸಿಕ್ತು" ಅಂತ ಗಂಡಸರೂ ಹೆಂಗಸರೂ ಒಂದೇ ಥರ ಹೇಳುತ್ತೇವೆ. ಚೆಕ್‌ನಲ್ಲಿ ಗಂಡಸು "ನಶೆಲ್ ಸೆಮ್", ಹೆಂಗಸು "ನಶ್ಲ ಸೆಮ್". ಅಜ್ಜಿಯ ಮಾತನ್ನು ಹಾಗೇ ನಕಲು ಮಾಡಿದರೆ ಆಫೀಸಿನಲ್ಲಿ ಹೆಂಗಸರ ಹಾಗೆ ಮಾತಾಡುತ್ತೀರಿ. ಇದಕ್ಕೆ ಒಬ್ಬ ತಾತನನ್ನೂ ಹುಡುಕಿಕೊಳ್ಳಿ.

ಸೆಪ್ಟೆಂಬರಿನ ಬುರ್ಚಾಕ್ ಕಾಲ, ಅಂದರೆ ಇನ್ನೂ ಹುದುಗುತ್ತಿರುವ ದ್ರಾಕ್ಷಿ ರಸ, ಭಾಷೆಗೆ ಏನೂ ಉಪಯೋಗವಿಲ್ಲ. ಮೊದಲ ಗ್ಲಾಸಿನಲ್ಲಿ ನಿಮ್ಮ ಚೆಕ್ ಚೆನ್ನಾಗಿರುತ್ತದೆ. ಎರಡನೆಯದರಲ್ಲಿ ತುಂಬಾ ಚೆನ್ನಾಗಿದೆ ಅನ್ನಿಸುತ್ತದೆ. ದಕ್ಷಿಣ ಮೊರಾವಿಯದ ಹಳ್ಳಿ ಜಾತ್ರೆಗಳೂ ಅಷ್ಟೆ. ಬಟ್ಟೆ, ಬ್ಯಾಂಡು ನೋಡಲು ಚೆಂದ. ಮಾತು ಮಾತ್ರ ಆ ಊರಿನದು, ಪರೀಕ್ಷೆಗೆ ಬರಲ್ಲ. ಎರಡು ವೀಕೆಂಡ್, ಬಸ್ಸು, ಊಟ, ರೂಮು ಸೇರಿ 4 ಸಾವಿರ ಕೊರುನ ದಂಡ.

ಡಿಸೆಂಬರ್ ಮಾತ್ರ ಬಂಗಾರ. 4ರಂದು ಬಾರ್ಬೊರ ದಿನ ಚೆರ್ರಿ ಕೊಂಬೆ ಕತ್ತರಿಸಿ ನೀರಿನಲ್ಲಿ ಇಡುತ್ತಾರೆ, ಕ್ರಿಸ್ಮಸ್ ಹೊತ್ತಿಗೆ ಹೂ ಬಿಡಬೇಕು. 5ರ ಸಂಜೆ ಮಿಕುಲಾಶ್ (ಸಂತ ನಿಕೊಲಸ್), ದೇವತೆ, ದೆವ್ವದ ವೇಷದ ಮೂವರೂ ಬೀದಿಗೆ ಇಳಿಯುತ್ತಾರೆ. ಆದರೆ ನಾನು ನಿಜವಾಗಿ ಕಲಿತದ್ದು 20ರ ಹೊತ್ತಿಗೆ ಬೀದಿ ಬದಿಯಲ್ಲಿ ಇಡುವ ಮೀನಿನ ತೊಟ್ಟಿಗಳ ಮುಂದೆ. 24ರ ರಾತ್ರಿ ಊಟಕ್ಕೆ ಕಪರ್ ಮೀನು, ಆಲೂಗಡ್ಡೆ ಸಲಾಡ್ ಆಗಲೇಬೇಕು. ಹಾಗಾಗಿ ಜೀವಂತ ಮೀನು ತೊಟ್ಟಿಯಲ್ಲಿ ಮಾರುತ್ತಾರೆ. ನಾನು ಸಸ್ಯಾಹಾರಿ. ಆದರೂ ಕ್ಯೂ ಪಕ್ಕದಲ್ಲಿ ಕೈ ಜೇಬಿಗೆ ಹಾಕಿಕೊಂಡು, ಯಾರಿಗೋ ಕಾಯುವವನ ಹಾಗೆ ನಿಂತೆ. ರಬ್ಬರ್ ಏಪ್ರನ್ ಹಾಕಿದವನು ಬಲೆಯಲ್ಲಿ ಎತ್ತುತ್ತಾನೆ, ತಕ್ಕಡಿಗೆ ಹಾಕುತ್ತಾನೆ, ಬಾಲ ಬಡಿದು ನೀರು ಚಿಮ್ಮುತ್ತದೆ. ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ: "ಝಿವೇಹೊ, ನೆಬೊ ಜ಼ಬೀತ್?" ಜೀವಂತ ಬೇಕೋ, ಕೊಂದು ಕೊಡಲೋ? ಪ್ರತಿಯೊಬ್ಬರೂ "ಪ್ರೊಸೀಮ್ ಕಪ್ರ" ಅನ್ನುತ್ತಾರೆ. ಕಪರ್ ಅಲ್ಲ, ಕಪ್ರ. ಪಕ್ಕದ ಅಂಗಡಿಯಲ್ಲಿ ಸಲಾತ್ ಕೇಳಿದರೆ ಸಲಾತ್ ಸಲಾತ್ ಆಗಿಯೇ ಇರುತ್ತದೆ. ಪುಲ್ಲಿಂಗದ ಪದಕ್ಕೆ ಜೀವ ಇದ್ದರೆ ನಾಲ್ಕನೇ ವಿಭಕ್ತಿಯಲ್ಲಿ (ನಮ್ಮ ದ್ವಿತೀಯಾ) ಬಾಲ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮಲ್ಲೂ ಹಾಗೇ ತಾನೇ? "ನೀರು ಕೊಡು" ಅಂತೀವಿ, ಆದರೆ "ಮಗು ಕರೆ" ಅನ್ನಲ್ಲ, "ಮಗುವನ್ನ ಕರೆ" ಅಂತೀವಿ. ಒಂದು ಗಂಟೆ ನಿಂತು ಇಪ್ಪತ್ತು-ಮೂವತ್ತು ಸಲ ಕೇಳಿದೆ. ಖರ್ಚು ಸೊನ್ನೆ. ಆಮೇಲೆ ಈ ವಿಷಯದಲ್ಲಿ ಎಡವಿಲ್ಲ.

ಸಸ್ಯಾಹಾರಿಗಳಿಗೆ ಇನ್ನೊಂದು ದಾರಿ ಕುಬ. ಬಾರ್ಲಿ, ಒಣಗಿಸಿದ ಅಣಬೆ, ಬೆಳ್ಳುಳ್ಳಿ, ಮಾರ್ಜೋರಮ್ ಸೊಪ್ಪು ಹಾಕಿ ಓವನ್‌ನಲ್ಲಿ ಬೇಯಿಸಿದ ಅದೇ ದಿನದ ಅಡುಗೆ. ಹಂದಿ ಕೊಬ್ಬು ಹಾಕುವವರು ಇದ್ದಾರೆ, ಕೇಳಿಕೊಳ್ಳಿ. ನಾನು ತುಪ್ಪ ಹಾಕಿದೆ, ಅಜ್ಜಿ ಎರಡನೇ ಸಲ ಹಾಕಿಸಿಕೊಂಡರು. ಚೆಕ್ ಅಡುಗೆ ಬರಹದಲ್ಲಿ "ಹೆಚ್ಚಿ, ಹುರಿಯಿರಿ" ಅಂತ ಇರುವುದು ಕಡಿಮೆ, ಸಾಮಾನ್ಯವಾಗಿ "ಹೆಚ್ಚುತ್ತೇವೆ, ಹುರಿಯುತ್ತೇವೆ" ಅಂತಲೇ ಇರುತ್ತದೆ: ನಕ್ರಾಯೀಮೆ, ಒಸ್ಮಝೀಮೆ, ಪ್ರ್ಝಿದಾಮೆ. ಹತ್ತು ಅಡುಗೆ ಮಾಡಿದರೆ ಕ್ರಿಯಾಪದದ ಆ ರೂಪ ಜನ್ಮದಲ್ಲಿ ಮರೆಯಲ್ಲ. ಅದೇ ಬಾರ್ಲಿಯಲ್ಲಿ ಬಿಸಿಬೇಳೆ ಬಾತ್ ಕೂಡ ಮಾಡಿ ನೋಡಿದೆ. ಅಂಟಂಟಾಗುತ್ತದೆ, ಆದರೆ ಮೈನಸ್ ಐದು ಡಿಗ್ರಿಯಲ್ಲಿ ನಡೆಯುತ್ತದೆ.

ಈಸ್ಟರ್ ಹೊತ್ತಿನಲ್ಲಿ ಅರ್ಧ ಗೆದ್ದೆ, ಅರ್ಧ ಸೋತೆ. ಸೋಮವಾರ ಗಂಡಸರು ಹೆಣೆದ ವಿಲೋ ಕಡ್ಡಿ ಹಿಡಿದು ಹೆಂಗಸರಿಗೆ ಮೆಲ್ಲಗೆ ತಾಗಿಸಿ, ಪದ್ಯ ಹೇಳಿ ಮೊಟ್ಟೆ ಇಸಿದುಕೊಳ್ಳುತ್ತಾರಲ್ಲ, ಆ ಪದ್ಯಗಳಲ್ಲಿ ಇರುವುದೆಲ್ಲ ಮಕ್ಕಳ ಮಾತು, ಹಳೆ ಮಾತು. ಬಾಯಿಪಾಠ ಮಾಡಿದ್ದು ದಂಡ. ಆದರೆ ಅದರ ಹಿಂದಿನ ವಾರ ನೋಡಿ. ಮಂಗಳವಾರ ಬೂದು, ಬುಧವಾರ ಕುರೂಪಿ, ಗುರುವಾರ ಹಸಿರು, ಶನಿವಾರ ಬಿಳಿ. ಶೆದಿವೇ ಊತೆರೀ, ಶ್ಕರೆದಾ ಸ್ತ್ರ್ಝೆದ, ಜ಼ೆಲೆನೀ ಚ್ತ್ವರ್ತೆಕ್, ಬೀಲಾ ಸೊಬೊತ. ಏ, ಆ, ಈ: ನಪುಂಸಕ, ಸ್ತ್ರೀ, ಪುಲ್ಲಿಂಗ ಮೂರೂ ಒಂದೇ ವಾರದಲ್ಲಿ ಸಾಲಾಗಿ ನಿಂತಿವೆ. ವಿಶೇಷಣದ ಅಂತ್ಯ ಮರೆತರೆ ಈಗಲೂ ಈ ವಾರವನ್ನು ನೆನೆಸಿಕೊಳ್ಳುತ್ತೇನೆ. ಎರಡು ಟರ್ಮ್ ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಪ್ರನೊಸ್ತಿಕ ಅಂದರೆ ಮಳೆ, ಚಳಿ, ಬೆಳೆಯ ಗಾದೆಗಳು. ಮಾರ್ಚಿನಲ್ಲಿ ಒಲೆ ಹಿಂದೆ ತೂರಿಕೊಳ್ತೀವಿ, ಏಪ್ರಿಲಿನಲ್ಲೂ ಅಲ್ಲೇ ಇರ್ತೀವಿ ಅನ್ನುವುದು ಒಂದು. ಅದರಲ್ಲಿ ಭವಿಷ್ಯತ್ಕಾಲದ ಎರಡೂ ರೀತಿ ಬಂದುಬಿಡುತ್ತವೆ. ನಮ್ಮ ಮಳೆ ನಕ್ಷತ್ರದ ಗಾದೆಗಳು ಗೊತ್ತಿರುವವರಿಗೆ ಇದು ಹೊಸದಲ್ಲ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅನ್ನುವುದನ್ನು ಅಜ್ಜಿಗೆ ಚೆಕ್‌ನಲ್ಲಿ ಹೇಳಲು ಹೋಗಿ ಒಂದು ಸಂಜೆ ಕಳೆಯಿತು. ಜೋಳಕ್ಕೆ ಚಿರೊಕ್ ಅನ್ನಬೇಕು, ಇಲ್ಲದಿದ್ದರೆ ಮುಸುಕಿನ ಜೋಳ ಅಂದುಕೊಳ್ಳುತ್ತಾರೆ. ಮೇ 12ರಿಂದ 14 ಹಿಮದ ಗಂಡಸರ ದಿನ: ಪಂಕ್ರಾತ್ಸ್, ಸೆರ್ವಾತ್ಸ್, ಬೊನಿಫಾತ್ಸ್. ಅದು ಮುಗಿಯುವವರೆಗೂ ಸಸಿ ಹೊರಗಿಡಬಾರದು ಅಂತಾರೆ. ನನ್ನ ಹಸಿಮೆಣಸಿನ ಸಸಿ ಒಳಗೇ ಇದ್ದವು, ಬದುಕಿದವು. ಇದನ್ನೆಲ್ಲ ನಂಬದ ಒಬ್ಬ ಸಹೋದ್ಯೋಗಿಯದು 13ರ ರಾತ್ರಿ ಹಿಮಕ್ಕೆ ಸುಟ್ಟುಹೋಯಿತು. ಈಗ ಅವರು ನನ್ನನ್ನು ಕೇಳಿ ಟೊಮೆಟೊ ನೆಡುತ್ತಾರೆ!

ಇದರಿಂದ ಬರದೇ ಇರುವುದೂ ಇದೆ. ಬಾಡಿಗೆ ಕರಾರು, ಬ್ಯಾಂಕು, ವೀಸಾ ಆಫೀಸಿನ ಪತ್ರ ಯಾವ ಹಬ್ಬದಲ್ಲೂ ಬರಲ್ಲ. ಅದಕ್ಕೆ ಪ್ರತಿ ಪ್ರಾಂತ್ಯದಲ್ಲೂ ಇರುವ ವಲಸಿಗರ ಕೇಂದ್ರದ ಪುಕ್ಕಟೆ ಕ್ಲಾಸಿಗೆ ಹೋದೆ, ಕೊನೆಯ ಮೂರು ತಿಂಗಳು ಮಾತ್ರ. ಪರೀಕ್ಷೆಯ ಮಾತಿನ ಭಾಗಕ್ಕೂ ನನ್ನದೊಂದು ತಯಾರಿ ಇತ್ತು. ಪರೀಕ್ಷೆ ಇನ್ನೂ ಬರೆಯದವರಿಗೆ ಅದನ್ನು ನೇರವಾಗಿ ಹೇಳುತ್ತೇನೆ, ಇಲ್ಲಿ ಬೇಡ. ಪೌರತ್ವಕ್ಕೆ ಎ2ರ ಮೇಲಿನ ಹಂತ, ಬಿ1 ಬೇಕು. ಭಾರತದ ಪಾಸ್‌ಪೋರ್ಟ್ ಬಿಡುವ ಯೋಚನೆ ಇಲ್ಲ, ಹಾಗಾಗಿ ಅದರ ಗೊಡವೆ ನನಗಿಲ್ಲ.

ಶುರು ಮಾಡುವುದಾದರೆ ಆಗಸ್ಟ್ ಕೊನೆಗೆ ಶುರು ಮಾಡಿ, ಜನವರಿಯಲ್ಲಿ ಬೇಡ. ಜನವರಿಯಲ್ಲಿ 6ರಂದು ಮೂರು ರಾಜರ ವೇಷದ ಮಕ್ಕಳು ಬಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋದ ಮೇಲೆ, ಈಸ್ಟರ್ ಉಪವಾಸಕ್ಕೆ ಮುಂಚಿನ ಮಾಸೊಪುಸ್ತ್ ಕುಣಿತ ಬರುವವರೆಗೂ ಯಾರೂ ಸುಮ್ನೆ ಮಾತಾಡಲ್ಲ. ಕ್ಯಾಲೆಂಡರ್ ಕೊಳ್ಳುವಾಗ ಹೆಸರಿನ ದಿನಗಳು ದಪ್ಪ ಅಕ್ಷರದಲ್ಲಿ ಇರುವುದನ್ನೇ ಕೊಳ್ಳಿ. 100-150 ಕೊರುನ ಆಗುತ್ತದೆ. ಚಾಕಲೇಟನ್ನು ಆಫರ್ ಇದ್ದಾಗ ಒಟ್ಟಿಗೆ ತಂದಿಡಿ. ಮಾರ್ಚ್ 19ಕ್ಕೆ ನಾಲ್ಕೈದು ಜಾಸ್ತಿ ಇರಲಿ, ಯಾವ ಆಫೀಸಿನಲ್ಲೂ ಯೋಸೆಫ್‌ಗಳಿಗೆ ಕೊರತೆ ಇಲ್ಲ.