ಹುಲಿ, ಸಿಂಹ, ಚಿರತೆಯ ರಕ್ತದಲ್ಲಿ ಪರಾವಲಂಬಿ ಹುಡುಕುವುದು ಹೇಗೆ

ಮೃಗಾಲಯದ ಹುಲಿ ಊಟ ಬಿಟ್ಟಿದೆ, ಜ್ವರ ಇದೆ, ಒಸಡು ಬಿಳಿಚಿಕೊಂಡಿದೆ ಅಂದರೆ ಮೊದಲು ರಕ್ತ ನೋಡಿ, ತಡ ಮಾಡಬೇಡಿ. 2000ನೇ ಇಸವಿಯಲ್ಲಿ ಭುವನೇಶ್ವರದ ನಂದನಕಾನನದಲ್ಲಿ ಸರ್ರಾ ರೋಗಕ್ಕೆ ಸಿಕ್ಕಿ ಹತ್ತಕ್ಕೂ ಜಾಸ್ತಿ ಹುಲಿಗಳು ಕೆಲವೇ ದಿನಗಳಲ್ಲಿ ಸತ್ತವು. ಸರ್ರಾ ತರುವುದು ಟ್ರಿಪನೊಸೋಮಾ ಇವಾನ್ಸಿ ಅನ್ನುವ ಏಕಕೋಶ ಪರಾವಲಂಬಿ. ದನ, ಕುದುರೆ ಕಚ್ಚುವ ದೊಡ್ಡ ನೊಣ ಅದನ್ನು ಹರಡುತ್ತದೆ, ಸೋಂಕಿದ್ದ ದನದ ಹಸಿ ಮಾಂಸದಿಂದಲೂ ಬರಬಹುದು. ಬೆಬೀಸಿಯಾ, ಹೆಪಟೊಜೂನ್ ಅನ್ನುವ ಇನ್ನೆರಡು ರಕ್ತದ ಪರಾವಲಂಬಿಗಳು ಬರುವುದು ಉಣ್ಣಿಯಿಂದ.

ರಕ್ತ ತೆಗೆಯುವುದೇ ಅರ್ಧ ಕೆಲಸ. ಸ್ಕ್ವೀಜ್ ಕೇಜಿಗೆ (ಪ್ರಾಣಿ ಅಲ್ಲಾಡದಂತೆ ಒತ್ತಿ ಹಿಡಿಯುವ ಪಂಜರ) ಅಭ್ಯಾಸ ಆಗಿರುವ ಪ್ರಾಣಿಯಾದರೆ ಬಾಲದ ಪಕ್ಕದ ರಕ್ತನಾಳದಿಂದ ತೆಗೆಯಬಹುದು, ಅರಿವಳಿಕೆ ಬೇಡ. ಇಲ್ಲದಿದ್ದರೆ ಹಲ್ಲಿಗೋ ಗಾಯಕ್ಕೋ ಅರಿವಳಿಕೆ ಕೊಟ್ಟಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ಇಡಿಟಿಎ ಟ್ಯೂಬ್ ತುಂಬಿಸಿಕೊಳ್ಳಿ, ಆ ಅವಕಾಶ ಮತ್ತೆ ಸುಮ್ನೆ ಸಿಗಲ್ಲ. ಆದರೆ ಸ್ಲೈಡಿನ ಮೇಲೆ ರಕ್ತದ ಹನಿಯನ್ನು ಅಲ್ಲೇ, ಪಂಜರದ ಪಕ್ಕದಲ್ಲೇ ತೆಳುವಾಗಿ ಎಳೆಯಿರಿ. ಟ್ಯೂಬಿನಲ್ಲಿ ಗಂಟೆಗಟ್ಟಲೆ ಇಟ್ಟ ರಕ್ತದಲ್ಲಿ ಕೆಂಪುಕಣಗಳ ಆಕಾರ ಕೆಡುತ್ತದೆ, ಅವುಗಳ ಮೇಲೆ ಅಂಟಿಕೊಳ್ಳುವ ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಉದುರಿಯೇ ಹೋಗಬಹುದು.

ಮೊದಲು ಹಸಿ ರಕ್ತ. ಒಂದು ಸಣ್ಣ ಹನಿ, ಮೇಲೆ ಕವರ್ ಸ್ಲಿಪ್, 40ರ ಲೆನ್ಸ್. ಟ್ರಿಪನೊಸೋಮಾ ನೇರವಾಗಿ ಕಣ್ಣಿಗೆ ಬೀಳುವ ಮೊದಲು ಅದರ ಸುತ್ತಲಿನ ಕೆಂಪುಕಣಗಳು ತಳ್ಳಿದ ಹಾಗೆ ಅಲ್ಲಾಡುತ್ತವೆ, ಅಲ್ಲಿ ಕಣ್ಣಿಟ್ಟು ನಿಂತರೆ ಹಾವಿನ ಹಾಗೆ ಹೊರಳುವ ಎಳೆ ಸಿಗುತ್ತದೆ. ಸಿಗಲಿಲ್ಲವಾ? ಕ್ಯಾಪಿಲರಿ ಟ್ಯೂಬಿಗೆ (ತೀರಾ ಸಪೂರ ಗಾಜಿನ ನಳಿಕೆ) ರಕ್ತ ತುಂಬಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ. ಬಿಳಿಕಣಗಳ ಪದರ ಮತ್ತು ಪ್ಲಾಸ್ಮಾ ಕೂಡುವ ಜಾಗವನ್ನು 10ರ ಲೆನ್ಸಿನಲ್ಲಿ ನೋಡಿ. ಪರಾವಲಂಬಿ ಕಡಿಮೆ ಇದ್ದಾಗ ಇದೇ ಕೈ ಹಿಡಿಯುವುದು.

ಇನ್ನು ಸ್ಲೈಡಿನ ಮೇಲೆ ಎಳೆದ ತೆಳು ಸ್ಮಿಯರ್. ಗಾಳಿಯಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ ಅದ್ದಿ, ಜಿಯೆಮ್ಸಾ ಬಣ್ಣ ಹಾಕಿ, ಎಣ್ಣೆ ಲೆನ್ಸಿನಲ್ಲಿ ತೆಳು ತುದಿಯಿಂದ ಶುರು ಮಾಡಿ. ಬೆಬೀಸಿಯಾ ಕೆಂಪುಕಣದ ಒಳಗಿರುತ್ತದೆ, ಹೆಪಟೊಜೂನ್ ಬಿಳಿಕಣದೊಳಗೆ ಉದ್ದುಂಡೆಯಾಗಿ ಕೂತಿರುತ್ತದೆ. ಕೆಂಪುಕಣದ ಮೇಲೆ ಕೂತ ಪ್ಲೇಟ್‌ಲೆಟ್ ಬೆಬೀಸಿಯಾ ಅನ್ನಿಸಿ ಮೋಸ ಮಾಡುತ್ತದೆ, ಸುತ್ತ ತಿಳಿ ಅಂಚು ಇದ್ದರೆ ಅದು ಪ್ಲೇಟ್‌ಲೆಟ್ ಇರಬಹುದು ಅಂತ ಅನುಮಾನಪಡಿ. ಸೋಸದ ಬಣ್ಣದ ಚುಕ್ಕೆಗಳೂ ಅಷ್ಟೇ. ಫೋಕಸ್ ಮೇಲೆ ಕೆಳಗೆ ಮಾಡಿದರೆ ಗೊತ್ತಾಗುತ್ತೆ.

ಸ್ಲೈಡಿನಲ್ಲಿ ಏನೂ ಕಾಣದಿದ್ದರೆ ರೋಗ ಇಲ್ಲ ಅಂತ ಅರ್ಥ ಅಲ್ಲ. ಟ್ರಿಪನೊಸೋಮಾ ರಕ್ತದಲ್ಲಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಜ್ವರ ಏರಿರುವಾಗ ಮತ್ತೆ ತೆಗೆಯಿರಿ, ಉಳಿದ ರಕ್ತವನ್ನು ತಂಪಾಗಿಟ್ಟು ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸಿ. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ವನ್ಯಜೀವಿ ರೋಗಗಳಿಗೇ ಒಂದು ಕೇಂದ್ರವಿದೆ.

ಪಾಸಿಟಿವ್ ಬಂತು ಅಂತ ಕೂಡಲೇ ಇಂಜೆಕ್ಷನ್ ಹುಡುಕಬೇಡಿ. ಹೆಪಟೊಜೂನ್ ಎಷ್ಟೋ ಸಲ ಗಟ್ಟಿಮುಟ್ಟಾದ ಸಿಂಹದಲ್ಲೂ ಸುಮ್ಮನೆ ಕೂತಿರುತ್ತದೆ. ಸರ್ರಾ ಸಿಕ್ಕರೆ ಮಾತ್ರ ಬೇರೆ ಮಾತು, ಅವತ್ತೇ ಚಿಕಿತ್ಸೆ ಶುರುವಾಗಬೇಕು, ಅಕ್ಕಪಕ್ಕದ ಆವರಣದ ಪ್ರಾಣಿಗಳ ರಕ್ತವನ್ನೂ ನೋಡಬೇಕು, ಮಾಂಸ ಎಲ್ಲಿಂದ ಬಂತು ಅಂತ ವಿಚಾರಿಸಬೇಕು.